ಹಿಡಿತ ಇರಲಿ, ಹಠ ಬೇಡ: ಮುಂದಿನ ಬ್ರೇಕ್ ಪ್ಯಾಡ್ ಆರಿಸಲು 12 ಸೂತ್ರಗಳು

ಬೈಕ್ ಕೊಳ್ಳುವಾಗ ಮೈಲೇಜ್ ಎಷ್ಟು, ಪಿಕಪ್ ಹೇಗೆ ಎಂದು ಹತ್ತು ಜನರನ್ನು ವಿಚಾರಿಸುತ್ತೇವೆ. ಅದೇ ಬೈಕನ್ನು ನಿಲ್ಲಿಸುವ ಪ್ಯಾಡ್ ಕೊಳ್ಳುವಾಗ ಮಾತ್ರ ಮೆಕ್ಯಾನಿಕ್ ಕೊಟ್ಟಿದ್ದೇ ಪ್ರಸಾದ. ಬ್ರೇಕ್ ಹಾಕಿದ ಕೂಡಲೇ ಗಾಡಿಯ ಭಾರ ಮುಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರ ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರದ್ದು. ಆ ಕೆಲಸದ ಭಾರವೆಲ್ಲ ಬೀಳುವುದು ಅಂಗೈಯಷ್ಟೂ ಅಗಲವಿಲ್ಲದ ಎರಡು ಪ್ಯಾಡ್‌ಗಳ ಮೇಲೆ.

ಜೋರಾಗಿ ಹಿಡಿಯುವ ಪ್ಯಾಡೇ ಒಳ್ಳೆಯ ಪ್ಯಾಡ್ ಎಂಬ ನಂಬಿಕೆ ಅಂಗಡಿಯಲ್ಲೂ ಇದೆ, ಗ್ಯಾರೇಜಿನಲ್ಲೂ ಇದೆ. ಅದು ಅರ್ಧ ಸತ್ಯ. ಬೆಳಿಗ್ಗೆ ತಣ್ಣಗಿದ್ದಾಗ, ಮಳೆಯಲ್ಲಿ ನೆನೆದಾಗ, ಘಟ್ಟ ಇಳಿದು ಕಾದಾಗ, ಯಾವಾಗ ಒತ್ತಿದರೂ ಬೆರಳಿಗೆ ಒಂದೇ ಉತ್ತರ ಕೊಡುವುದು ಒಳ್ಳೆಯ ಪ್ಯಾಡ್. ಅಂಥದ್ದನ್ನು ಹುಡುಕಿಕೊಳ್ಳಲು ಈ ಸೂತ್ರಗಳು.

1. ರೋಗ ಪ್ಯಾಡಿನದೇ ಎಂದು ಖಚಿತ ಮಾಡಿಕೊಳ್ಳಿ

ಬ್ರೇಕ್ ಸರಿ ಹಿಡಿಯುತ್ತಿಲ್ಲ ಎಂದ ಕೂಡಲೇ ಪ್ಯಾಡ್ ಬದಲಿಸಲು ಹೊರಡಬೇಡಿ. ಲಿವರ್ ಮೆತ್ತಗೆ, ಸ್ಪಂಜಿನಂತೆ ಒಳಗೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಹಳತಾಗಿರಬಹುದು, ಇಲ್ಲವೇ ಲೈನಿನಲ್ಲಿ ಗಾಳಿ ಸೇರಿರಬಹುದು. ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಡಬ್ ಡಬ್ ಎಂದು ಮಿಡಿದರೆ ಡಿಸ್ಕಿನ ಮೇಲೆ ಅನುಮಾನಪಡಿ. ಬ್ರೇಕ್ ಬಿಟ್ಟರೂ ಚಕ್ರ ಸಲೀಸಾಗಿ ತಿರುಗದಿದ್ದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಸಿಕ್ಕಿಕೊಂಡಿರಬಹುದು. ಇವುಗಳಲ್ಲಿ ಒಂದನ್ನೂ ಹೊಸ ಪ್ಯಾಡ್ ಸರಿಮಾಡದು. ಲಿವರ್ ಗಟ್ಟಿಯಾಗಿದ್ದು, ಬಲವಾಗಿ ಒತ್ತಿದರೂ ಗಾಡಿ ಜಾರಿಕೊಂಡು ಮುಂದೆ ಹೋಗುತ್ತಿದ್ದರೆ ಆಗ ಪ್ಯಾಡ್ ಕಡೆ ನೋಡಿ.

2. ಹಳೆಯ ಪ್ಯಾಡನ್ನು ಎಸೆಯುವ ಮೊದಲು ಓದಿ

ಬಿಚ್ಚಿದ ಎರಡೂ ಪ್ಯಾಡ್‌ಗಳನ್ನು ಪಕ್ಕಪಕ್ಕ ಇಡಿ. ಎರಡೂ ಹೆಚ್ಚುಕಡಿಮೆ ಸಮನಾಗಿ ಸವೆದಿದ್ದರೆ ಕ್ಯಾಲಿಪರ್ ಆರೋಗ್ಯವಾಗಿದೆ. ಒಂದು ತಗಡಿನಷ್ಟಾಗಿ ಇನ್ನೊಂದು ದಪ್ಪಗೇ ಉಳಿದಿದ್ದರೆ, ಇಲ್ಲವೇ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ, ಕ್ಯಾಲಿಪರ್ ಜಾರುವ ಪಿನ್ನೋ ಪಿಸ್ಟನ್ನೋ ಹಿಡಿದುಕೊಂಡಿದೆ. ಅದನ್ನು ಸರಿಪಡಿಸದೆ ಎಷ್ಟು ದುಬಾರಿ ಸೆಟ್ ಹಾಕಿದರೂ ಅದೂ ಓರೆಯಾಗಿಯೇ ಸವೆಯುತ್ತದೆ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಪ್ಯಾಡ್ ಅತಿಯಾಗಿ ಕಾದಿತ್ತು ಎಂದರ್ಥ. ನಿಮ್ಮ ಓಡಾಟಕ್ಕೆ ಆ ಬಗೆ ಸಾಲದೆ ಹೋಗಿರಬಹುದು. ಎಣ್ಣೆಯ ಕಲೆ ಕಂಡರೆ ಮುಂದಿನ ಫೋರ್ಕ್‌ನ ಆಯಿಲ್ ಸೀಲ್ ನೋಡಿ. ಅಲ್ಲಿಂದ ಸೋರಿದ್ದು ನೇರ ಕ್ಯಾಲಿಪರ್ ಮೇಲೆ ಇಳಿಯುತ್ತದೆ.

3. ಕಬ್ಬಿಣ ಕಿರುಚುವ ತನಕ ಕಾಯಬೇಡಿ

ಬಹುತೇಕ ಪ್ಯಾಡ್‌ಗಳಲ್ಲಿ ಸವೆತ ತೋರಿಸುವ ಗೀರೋ ಅಂಚಿನ ಕಚ್ಚೋ ಇರುತ್ತದೆ. ಅದು ಮಾಯವಾಯಿತೆಂದರೆ ಪ್ಯಾಡಿನ ಆಯುಸ್ಸು ಮುಗಿಯಿತು. ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿಗೆ ಆ ಗಡಿ ಬರುತ್ತದೆ. ನಿಮ್ಮ ಗಾಡಿಯ ಲೆಕ್ಕ ಓನರ್ಸ್ ಮ್ಯಾನುಯಲ್‌ನಲ್ಲಿದೆ. 2 ಮಿ.ಮೀ. ಉಳಿದಿರುವಾಗಲೇ ಹೊಸ ಸೆಟ್ ಹುಡುಕಲು ಶುರುಮಾಡಿದರೆ ಆರಿಸಲು ಪುರುಸೊತ್ತು ಸಿಗುತ್ತದೆ. ಕೊನೆಯ ಗಳಿಗೆಯಲ್ಲಿ ಹೋದವನು ಅಂಗಡಿಯಲ್ಲಿ ಇದ್ದದ್ದನ್ನು ತರುತ್ತಾನೆ, ಬೇಕಾದದ್ದನ್ನಲ್ಲ. ಕಬ್ಬಿಣದ ಹಿಂಬದಿ ಪ್ಲೇಟ್ ಡಿಸ್ಕಿಗೆ ತಾಗಿದರಂತೂ ಪ್ಯಾಡಿನ ಜೊತೆ ಡಿಸ್ಕಿನ ದುಡ್ಡನ್ನೂ ಎಣಿಸಬೇಕು.

ಇನ್ನೊಂದು ಸುಳಿವು ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಡಬ್ಬಿಯ ಮಟ್ಟ ಇಳಿಯುತ್ತದೆ. ಮಟ್ಟ ಇಳಿದದ್ದು ಕಂಡರೆ ಆಯಿಲ್ ಸುರಿಯುವ ಮೊದಲು ಪ್ಯಾಡ್ ನೋಡಿ, ಎಲ್ಲಾದರೂ ಸೋರುತ್ತಿದೆಯೇ ಎಂದೂ ನೋಡಿ.

4. ಬೈಕಿನ ಹೆಸರು ಸಾಲದು, ಇಸವಿಯನ್ನೂ ಹೇಳಿ

‘ಕ್ಲಾಸಿಕ್ 350ಗೆ ಪ್ಯಾಡ್ ಕೊಡಿ’ ಎಂದರೆ ಅಂಗಡಿಯವರಿಗೆ ಅರ್ಧ ವಿಳಾಸ ಕೊಟ್ಟಂತೆ. ಹಳೆಯ ಕ್ಲಾಸಿಕ್ 350ರ ಮುಂದಿನ ಡಿಸ್ಕ್ 280 ಮಿ.ಮೀ. ಇತ್ತು, 2021ರಲ್ಲಿ ಬಂದ ಹೊಸ ಗಾಡಿಯದು 300 ಮಿ.ಮೀ. ಹೆಸರು ಒಂದೇ, ಬ್ರೇಕ್ ಬೇರೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ನಿಯಮ ಬಂದ ಕಾಲದಲ್ಲೂ ಹಲವು ಗಾಡಿಗಳ ಬ್ರೇಕ್ ಬದಲಾಯಿತು. 125 ಸಿಸಿ ಮೀರಿದ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಆಗಲೇ ಮಾರುಕಟ್ಟೆಯಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಯಿತು. ಆದ್ದರಿಂದ ಗಾಡಿ ತಯಾರಾದ ವರ್ಷ, ಎಬಿಎಸ್ ಇದೆಯೋ ಇಲ್ಲವೋ, ಸಾಧ್ಯವಾದರೆ ಕಂಪನಿಯ ಪಾರ್ಟ್ ನಂಬರ್, ಮೂರನ್ನೂ ಹೇಳಿ. ಹಳೆಯ ಪ್ಯಾಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಹೊಸದರ ಮೇಲಿಟ್ಟು ನೋಡುವುದು ಇನ್ನೂ ಭದ್ರ. ಕಿವಿಯ ಆಕಾರ, ಪಿನ್ ತೂತು, ಹಿಂಬದಿ ಪ್ಲೇಟಿನ ದಪ್ಪ ಎಲ್ಲ ಹೊಂದಬೇಕು. ಸ್ವಲ್ಪ ಉಜ್ಜಿ ಕೂರಿಸೋಣ ಎನ್ನುವ ಮಾತು ಬಂದರೆ ಆ ಸೆಟ್ ವಾಪಸ್ ಕೊಡಿ.

5. ಪ್ಯಾಡ್‌ಗಳ ಜಾತಿ ತಿಳಿದಿರಲಿ

ಆರ್ಗ್ಯಾನಿಕ್: ನಾರು, ರಬ್ಬರ್, ಬಗೆಬಗೆಯ ಪುಡಿಗಳನ್ನು ರೆಸಿನ್‌ನಲ್ಲಿ ಕಲಸಿ ಅಚ್ಚು ಹಾಕಿದ್ದು. ಮೆತ್ತಗೆ ಹಿಡಿಯುತ್ತದೆ, ಸದ್ದು ಕಡಿಮೆ, ಡಿಸ್ಕಿಗೆ ಸಾಧು, ಬೆಲೆಯೂ ಹಗುರ. ತಣ್ಣಗಿದ್ದಾಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬೇಗ ಸವೆಯುತ್ತದೆ. ವಿಪರೀತ ಕಾದಾಗ ರೆಸಿನ್‌ನಿಂದ ಅನಿಲ ಹೊರಟು ಪ್ಯಾಡ್ ಮತ್ತು ಡಿಸ್ಕಿನ ನಡುವೆ ಸೇರಿಕೊಳ್ಳುತ್ತದೆ, ಹಿಡಿತ ಕುಸಿಯುತ್ತದೆ. ‘ಫೇಡ್ ಆಯಿತು’ ಎಂದು ಸವಾರರು ಹೇಳುವುದು ಇದನ್ನೇ.

ಸೆಮಿ ಮೆಟಾಲಿಕ್: ಅದೇ ರೆಸಿನ್ ಮಿಶ್ರಣಕ್ಕೆ ಲೋಹದ ಎಳೆ, ಪುಡಿ ಸೇರಿಸಿದ್ದು. ಶಾಖವನ್ನು ಇನ್ನಷ್ಟು ತಡೆಯುತ್ತದೆ, ಬಾಳಿಕೆಯೂ ಹೆಚ್ಚು. ಊರೊಳಗೂ ಹೆದ್ದಾರಿಯಲ್ಲೂ ಓಡಾಡುವವರಿಗೆ ನಡುದಾರಿ.

ಸಿಂಟರ್ಡ್: ತಾಮ್ರ, ಕಂಚು ಮೊದಲಾದ ಲೋಹಗಳ ಪುಡಿಯನ್ನು ಒತ್ತಡ ಮತ್ತು ಶಾಖದಲ್ಲಿ ಬೆಸೆದದ್ದು. ಮಳೆಯಲ್ಲೂ ಕಾವಿನಲ್ಲೂ ಹಿಡಿತ ಬಿಡುವುದಿಲ್ಲ, ಹೆಚ್ಚು ಕಾಲ ಬಾಳುತ್ತದೆ. ಪ್ರತಿಯಾಗಿ ಡಿಸ್ಕನ್ನು ಹೆಚ್ಚು ಸವೆಸುತ್ತದೆ, ಸದ್ದು ಮಾಡಬಹುದು, ಶಾಖವನ್ನು ಕ್ಯಾಲಿಪರ್ ಕಡೆಗೂ ಹೆಚ್ಚು ದಾಟಿಸುತ್ತದೆ.

ಡಬ್ಬದ ಮೇಲೆ ‘ಸೆರಾಮಿಕ್’ ಎಂದು ಬರೆದಿದ್ದರೆ ಆ ಒಂದು ಪದಕ್ಕೆ ಮರುಳಾಗಬೇಡಿ. ಹಲವು ಬಾರಿ ಅದು ಸೆರಾಮಿಕ್ ಎಳೆಗಳನ್ನು ಬೆರೆಸಿದ ಆರ್ಗ್ಯಾನಿಕ್ ಪ್ಯಾಡೇ ಆಗಿರುತ್ತದೆ. ಯಾವ ಬಳಕೆಗೆ ಮಾಡಿದ್ದು ಎಂದು ತಯಾರಕರು ಬರೆದಿರುವುದನ್ನು ಓದಿ.

6. ನಿಮ್ಮ ದಾರಿಯೇ ತೀರ್ಮಾನ ಹೇಳಲಿ

ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನವೂ ತೆವಳುವ 125 ಸಿಸಿ ಗಾಡಿಗೆ ಬೇಕಾದದ್ದು ತಣ್ಣಗಿದ್ದಾಗಲೂ ಮೊದಲ ಒತ್ತಿಗೆ ಹಿಡಿಯುವ ಪ್ಯಾಡ್. ಅಲ್ಲಿ ಒಳ್ಳೆಯ ಆರ್ಗ್ಯಾನಿಕ್ ಧಾರಾಳ ಸಾಕು. ತೀರ್ಥಹಳ್ಳಿಯಿಂದ ಆಗುಂಬೆ ಘಟ್ಟ ಇಳಿದು ಸೋಮೇಶ್ವರಕ್ಕೆ ಹೋಗುವವರ, ಮಳೆಗಾಲದಲ್ಲಿ ಚಾರ್ಮಾಡಿ ಹಿಡಿಯುವವರ ಕಥೆಯೇ ಬೇರೆ.

ಲೆಕ್ಕ ಹಾಕಿ ನೋಡೋಣ. ಗಾಡಿ, ಇಬ್ಬರು ಸವಾರರು ಸೇರಿ 300 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಲು ನುಂಗಬೇಕಾದ ಶಕ್ತಿ ಸುಮಾರು 42 ಕಿಲೋಜೂಲ್. ಅದೇ ಗಾಡಿ 500 ಮೀಟರ್ ಎತ್ತರವನ್ನು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1,470 ಕಿಲೋಜೂಲ್. ಅಂದರೆ 60ರ ವೇಗದಿಂದ 35 ಬಾರಿ ಪೂರ್ತಿ ನಿಲ್ಲಿಸಿದಷ್ಟು. ಗಿಯರ್ ಇಳಿಸಿದರೆ ಇದರಲ್ಲಿ ಒಂದು ಪಾಲನ್ನು ಎಂಜಿನ್ ಹೊರುತ್ತದೆ, ಗಾಳಿಯೂ ಒಂದಿಷ್ಟು ತೆಗೆದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಲೆಗೆ ಬರುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೋಡಿಯಾಗಿ ಓಡಾಡುವವರು, ಸಾಮಾನು ಹೇರಿಕೊಂಡು ದೂರ ಹೋಗುವವರು ಸೆಮಿ ಮೆಟಾಲಿಕ್ ಇಲ್ಲವೇ ಸಿಂಟರ್ಡ್ ಕಡೆ ವಾಲುವುದು ನ್ಯಾಯ. ವರ್ಷಕ್ಕೊಮ್ಮೆ ಮಾತ್ರ ಘಟ್ಟ ಹತ್ತುವವರು ಪ್ಯಾಡ್ ಬದಲಿಸುವುದಕ್ಕಿಂತ ಗಿಯರ್ ಇಳಿಸುವುದನ್ನು ಕಲಿತರೆ ಲಾಭ ಹೆಚ್ಚು.

7. ಪ್ಯಾಡಿನ ಬೆನ್ನ ಮೇಲಿನ ಎರಡು ಅಕ್ಷರ ನೋಡಿ

ಕೆಲವು ಪ್ಯಾಡ್‌ಗಳ ಹಿಂಬದಿ ಪ್ಲೇಟಿನಲ್ಲೋ ಅಂಚಿನಲ್ಲೋ ಎಫ್‌ಎಫ್, ಜಿಜಿ, ಎಚ್‌ಎಚ್ ಎಂಬಂಥ ಗುರುತು ಇರುತ್ತದೆ. ಇದು ಘರ್ಷಣೆಯ ಅಳತೆ. ಮೊದಲ ಅಕ್ಷರ ಸಾಮಾನ್ಯ ಕಾವಿನದು, ಎರಡನೆಯದು ಹೆಚ್ಚು ಕಾದಾಗಿನದು. ಎಫ್ ಎಂದರೆ ಘರ್ಷಣಾಂಕ 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಎಂದರೆ 0.55 ದಾಟಿದ್ದು. ಜಿಎಫ್ ಎಂದಿದ್ದರೆ ಆ ಪ್ಯಾಡ್ ಕಾದಾಗ ಒಂದು ಮೆಟ್ಟಿಲು ಇಳಿಯುತ್ತದೆ ಎಂದು ತಿಳಿಯಿರಿ. ಎರಡೂ ಅಕ್ಷರ ಒಂದೇ ಆಗಿದ್ದರೆ ಸ್ವಭಾವ ಸ್ಥಿರ.

ಆದರೆ ಈ ಗುರುತು ಎಲ್ಲವನ್ನೂ ಹೇಳುವುದಿಲ್ಲ. ಎಷ್ಟು ಬಾಳುತ್ತದೆ, ಮಳೆಯಲ್ಲಿ ಹೇಗೆ, ಡಿಸ್ಕನ್ನು ಎಷ್ಟು ತಿನ್ನುತ್ತದೆ ಎಂಬುದು ಅದರಲ್ಲಿಲ್ಲ. ಎಚ್‌ಎಚ್ ಎಂದ ಮಾತ್ರಕ್ಕೆ ನಿಮ್ಮ ಗಾಡಿಗೆ ಅದೇ ಸರಿ ಎಂದೇನೂ ಅಲ್ಲ.

8. ಡಿಸ್ಕಿನ ಒಪ್ಪಿಗೆ ಕೇಳಿ

ಡಿಸ್ಕ್ ಮತ್ತು ಪ್ಯಾಡ್ ಒಂದು ಜೋಡಿ. ಕಂಪನಿ ಆರ್ಗ್ಯಾನಿಕ್ ಪ್ಯಾಡಿಗೆಂದೇ ಡಿಸ್ಕ್ ಕೊಟ್ಟಿದ್ದರೆ ಸಿಂಟರ್ಡ್ ಹಾಕುವ ಮೊದಲು ಪ್ಯಾಡ್ ತಯಾರಕರ ಪಟ್ಟಿಯಲ್ಲಿ ನಿಮ್ಮ ಗಾಡಿಯ ಹೆಸರಿದೆಯೇ ನೋಡಿ. ಎರಕದ ಕಬ್ಬಿಣದ ಡಿಸ್ಕ್ ಇರುವ ಹಳೆಯ ಗಾಡಿಗಳಿಗೆ ಸಾಮಾನ್ಯವಾಗಿ ಆರ್ಗ್ಯಾನಿಕ್ಕೇ ಹೊಂದುತ್ತದೆ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಮಿ.ಮೀ. ಲೆಕ್ಕದಲ್ಲಿ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಹೊಸ ಪ್ಯಾಡ್ ತಂದು ಫಲವಿಲ್ಲ. ಅಳೆಯುವಾಗ ಅಂಚಿನ ಮೇಲೆ ವರ್ನಿಯರ್ ಇಡಬೇಡಿ. ಪ್ಯಾಡ್ ತಾಗದ ಅಂಚು ಸವೆಯದೆ ದಪ್ಪಗೇ ಉಳಿದಿರುತ್ತದೆ, ಅಳತೆ ಸುಳ್ಳಾಗುತ್ತದೆ. ಪ್ಯಾಡ್ ಓಡುವ ಜಾಡಿನಲ್ಲಿ, ಮೂರು ನಾಲ್ಕು ಕಡೆ ಅಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದರೆ ಹೊಸ ಪ್ಯಾಡ್ ಆ ಏರುತಗ್ಗುಗಳಿಗೆ ಹೊಂದುವಷ್ಟರಲ್ಲಿ ಅರ್ಧ ಸವೆದಿರುತ್ತದೆ.

9. ಎಬಿಎಸ್ ಇಲ್ಲದಿದ್ದರೆ ಕಚ್ಚುವ ಪ್ಯಾಡ್ ಬೇಡ

ಮೊದಲ ಮುಟ್ಟಿಗೇ ಗಬಕ್ಕನೆ ಹಿಡಿಯುವ ಪ್ಯಾಡ್ ಟ್ರ್ಯಾಕ್‌ನಲ್ಲಿ ವರ. ಮೊದಲ ಮಳೆ ಬಿದ್ದು ಎಣ್ಣೆ ತೇಲುವ ರಸ್ತೆಯಲ್ಲಿ, ಜಲ್ಲಿ ಹರಡಿದ ತಿರುವಿನಲ್ಲಿ, ಎಬಿಎಸ್ ಇಲ್ಲದ ಗಾಡಿಗೆ ಅದೇ ಶಾಪ. ಮುಂದಿನ ಚಕ್ರ ಲಾಕ್ ಆಗಿ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಲಿವರ್ ಒತ್ತಿದಷ್ಟೇ ಹಿಡಿತ ಏರುವ ಪ್ಯಾಡ್ ಇಲ್ಲಿ ಸುರಕ್ಷಿತ. 125 ಸಿಸಿವರೆಗಿನ ಅನೇಕ ಗಾಡಿಗಳಲ್ಲಿ ಸಿಬಿಎಸ್ ಇದೆ. ಅದರಲ್ಲಿ ಹಿಂದಿನ ಪೆಡಲ್ ತುಳಿದರೂ ಮುಂದಿನ ಬ್ರೇಕ್ ಒಂದಿಷ್ಟು ಹಿಡಿಯುತ್ತದೆ. ಎರಡರ ನಡುವಿನ ಹಂಚಿಕೆಯನ್ನು ಕಂಪನಿ ತನ್ನ ಪ್ಯಾಡಿಗೆ ಹೊಂದಿಸಿರುತ್ತದೆ. ಅಲ್ಲಿ ಪ್ರಯೋಗ ಬೇಡ, ಕಂಪನಿ ಹೇಳಿದ ಪ್ಯಾಡೇ ಇರಲಿ.

10. ಡೂಪ್ಲಿಕೇಟ್ ಹಿಡಿಯುವ ಕಣ್ಣು ಬೆಳೆಸಿಕೊಳ್ಳಿ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಸಾಲಿನಲ್ಲಿ ಎಲ್ಲ ಬೆಲೆಯ ಪ್ಯಾಡೂ ಸಿಗುತ್ತದೆ. ಕಂಪನಿಯ ಮೊಹರಿನ ಪ್ಯಾಡ್ ಒಂದೇ ಒರಿಜಿನಲ್, ಮಿಕ್ಕವೆಲ್ಲ ಲೋಕಲ್ ಎಂದು ಭಾವಿಸಬೇಡಿ. ಪ್ಯಾಡ್ ಮಾಡುವುದನ್ನೇ ಕಸುಬಾಗಿಸಿಕೊಂಡ ಒಳ್ಳೆಯ ಸಂಸ್ಥೆಗಳು ಬಹಳ ಇವೆ: ಇಂಗ್ಲೆಂಡಿನ ಇಬಿಸಿ, ಜಪಾನಿನ ವೆಸ್ರಾ, ಸ್ಪೇನಿನ ಗಾಲ್ಫರ್, ಡೆನ್ಮಾರ್ಕಿನ ಎಸ್‌ಬಿಎಸ್. ಇಬಿಸಿ ಪ್ಯಾಡುಗಳಲ್ಲಿ ಎಫ್‌ಎ ಜೊತೆಗಿನ ಸಂಖ್ಯೆ ಆಕಾರವನ್ನು ಸೂಚಿಸಿದರೆ, ಕೊನೆಯಲ್ಲಿರುವ ಎಚ್‌ಎಚ್ ಅದು ಸಿಂಟರ್ಡ್ ಎನ್ನುತ್ತದೆ. ಕೆಟಿಎಂ ಡ್ಯೂಕ್‌ನಂಥ ಗಾಡಿಗಳಲ್ಲಿ ಕಾಣುವ ಬೈಬ್ರೆ, ಇಟಲಿಯ ಬ್ರೆಂಬೊ ಸಂಸ್ಥೆಯದೇ ಇನ್ನೊಂದು ಬ್ರ್ಯಾಂಡ್.

ಭಯಪಡಬೇಕಾದದ್ದು ಹೆಸರು ಕದ್ದ ಮಾಲಿಗೆ. ಪ್ಯಾಕೆಟ್ಟಿನ ಮುದ್ರಣ ಮಬ್ಬಾಗಿದೆಯೇ, ಅಕ್ಷರ ತಪ್ಪಿದೆಯೇ, ಬ್ಯಾಚ್ ನಂಬರ್ ಮತ್ತು ಎಂಆರ್‌ಪಿ ಇವೆಯೇ ನೋಡಿ. ಪ್ಯಾಡನ್ನು ಅಡ್ಡ ಹಿಡಿದು ಹಿಂಬದಿ ಪ್ಲೇಟಿಗೂ ಘರ್ಷಣೆಯ ಪದರಕ್ಕೂ ನಡುವೆ ಬಿರುಕು ಕಾಣುತ್ತದೆಯೇ ಪರೀಕ್ಷಿಸಿ. ಆ ಅಂಟು ಬಿಟ್ಟರೆ ಪದರವೇ ಕಳಚಿ ಬೀಳುತ್ತದೆ. ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಬ್ರೇಕ್ ಸಾಮಾನು ಕೊಳ್ಳಬೇಡಿ.

ಬೆಲೆ ಹೋಲಿಸುವಾಗ ಸೆಟ್ಟಿನ ರೇಟನ್ನಷ್ಟೇ ನೋಡಬೇಡಿ. ಎರಡು ಪಟ್ಟು ಬೆಲೆಯ ಪ್ಯಾಡ್ ಎರಡು ಪಟ್ಟಿಗಿಂತ ಹೆಚ್ಚು ಕಿಲೋಮೀಟರ್ ಓಡಿದರೆ ಅದೇ ಅಗ್ಗ. ಹೆಚ್ಚು ಓಡುವ ಭರದಲ್ಲಿ ಡಿಸ್ಕನ್ನೇ ತಿಂದು ಹಾಕಿದರೆ ಅದೇ ದುಬಾರಿ.

11. ಹಾಕುವಾಗ ಎದುರಿಗೆ ನಿಲ್ಲಿ, ಹಾಕಿದ ಮೇಲೆ ಹೊಂದಲು ಬಿಡಿ

ಒಳ್ಳೆಯ ಪ್ಯಾಡ್ ಕೆಟ್ಟ ಕೈಗೆ ಸಿಕ್ಕಿದರೆ ಆರಿಸಿದ ಶ್ರಮವೆಲ್ಲ ವ್ಯರ್ಥ. ಗ್ಯಾರೇಜಿನಲ್ಲಿ ಇಷ್ಟನ್ನು ಗಮನಿಸಿ:

• ಎರಡೂ ಪ್ಯಾಡ್ ಒಟ್ಟಿಗೆ ಬದಲಾಗಬೇಕು. ಮುಂದೆ ಎರಡು ಡಿಸ್ಕ್ ಇದ್ದರೆ ಎರಡೂ ಕಡೆ ಒಂದೇ ಬಗೆಯ ಪ್ಯಾಡ್ ಇರಬೇಕು.

• ಪಿಸ್ಟನ್ನನ್ನು ಒಳಗೆ ತಳ್ಳುವ ಮೊದಲು ಅದರ ಸುತ್ತಲಿನ ಕೊಳೆ ಒರೆಸಬೇಕು. ಹಾಗೇ ತಳ್ಳಿದರೆ ಕೊಳೆ ಸೀಲನ್ನು ಕೆಡಿಸುತ್ತದೆ.

• ಪಿಸ್ಟನ್ ಒಳಹೋದಂತೆ ಡಬ್ಬಿಯ ಆಯಿಲ್ ಮೇಲೇರುತ್ತದೆ. ಉಕ್ಕಿ ಟ್ಯಾಂಕಿನ ಮೇಲೆ ಬಿದ್ದರೆ ಪೇಂಟ್ ಹೋಯಿತು.

• ಜಾರುವ ಪಿನ್‌ಗಳಿಗೆ ಬ್ರೇಕ್‌ಗೆಂದೇ ಇರುವ ಗ್ರೀಸ್ ತೆಳುವಾಗಿ ಸವರಬೇಕು. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಗ್ರೀಸ್ ಕೈ ತಾಗಬಾರದು. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಹಳೆಯ ಪ್ಯಾಡಿನ ಪದರ ತೆಗೆಯಬೇಕು.

• ಪ್ಯಾಡಿನ ಧೂಳನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ. ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ.

• ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಇದೇ ಸಮಯದಲ್ಲಿ ಬದಲಿಸಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿಕೊಂಡ ಮೇಲೆ ಆ ಕನಿಷ್ಠ ಗಡಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಲಿವರ್ ಹ್ಯಾಂಡಲ್ ತನಕ ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿ. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಇದರೊಂದಿಗೆ ಬೆರೆಸುವಂತಿಲ್ಲ.

• ಕೆಲಸ ಮುಗಿದ ಮೇಲೆ ಗಾಡಿ ಏರುವ ಮೊದಲು ಲಿವರನ್ನು ಗಟ್ಟಿಯಾಗುವ ತನಕ ಪಂಪ್ ಮಾಡಿ. ಇದನ್ನು ಮರೆತವರಿಗೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ.

ಹೊಸ ಪ್ಯಾಡಿನ ಮುಖ ಪೂರ್ತಿಯಾಗಿ ಡಿಸ್ಕಿಗೆ ಹೊಂದಲು ಕಾಲ ಬೇಕು. ಖಾಲಿ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, 50ರಿಂದ 20ಕ್ಕೆ ಹದವಾಗಿ ವೇಗ ಇಳಿಸಿ, ನಿಲ್ಲಿಸದೆ ಮತ್ತೆ ವೇಗ ಏರಿಸಿ. ನಡುನಡುವೆ ಬ್ರೇಕ್ ತಣ್ಣಗಾಗಲು ಬಿಟ್ಟು ಹಲವು ಬಾರಿ ಹೀಗೆ ಮಾಡಿ. ಕಾದ ಬ್ರೇಕನ್ನು ಒತ್ತಿ ಹಿಡಿದು ನಿಂತರೆ ಡಿಸ್ಕಿನ ಮೇಲೆ ಪ್ಯಾಡಿನ ಅಚ್ಚು ಕೂರುತ್ತದೆ. ಪ್ಯಾಕೆಟ್ಟಿನ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ. ಮೊದಲ 200–300 ಕಿ.ಮೀ. ಎದುರಿನ ಗಾಡಿಯಿಂದ ಎಂದಿಗಿಂತ ಹೆಚ್ಚು ಅಂತರ ಇರಲಿ. ಹೊಸ ಪ್ಯಾಡ್ ಹಾಕಿಸಿಕೊಂಡು ನೇರ ಘಟ್ಟಕ್ಕೆ ಹೊರಡಬೇಡಿ.

12. ಬದಲಿಸಿದ ದಿನವೇ ಕಿಲೋಮೀಟರ್ ಬರೆದಿಡಿ

ಪ್ಯಾಡಿನ ಹೆಸರು, ಬೆಲೆ, ಆ ದಿನದ ಓಡೋಮೀಟರ್ ಅಂಕಿ, ಡಿಸ್ಕಿನ ದಪ್ಪ, ಇಷ್ಟನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ. ಬಿಲ್ಲಿನ ಫೋಟೊ ಇಟ್ಟುಕೊಳ್ಳಿ. ಪ್ರತಿ ಸರ್ವಿಸ್‌ನಲ್ಲೂ ಟಾರ್ಚ್ ಹಿಡಿದು ಕ್ಯಾಲಿಪರ್ ಸಂದಿಯಲ್ಲಿ ಉಳಿದ ದಪ್ಪ ನೋಡಿ. ಈ ಸೆಟ್ ಹಿಂದಿನದಕ್ಕಿಂತ ಬೇಗ ಸವೆಯಿತೇ, ಮಳೆಗಾಲದಲ್ಲಿ ನಂಬಿಕೆ ಉಳಿಸಿಕೊಂಡಿತೇ, ಡಿಸ್ಕ್ ಎಷ್ಟು ತೆಳುವಾಯಿತು ಎಂಬುದೆಲ್ಲ ಆಗ ಊಹೆಯಾಗಿ ಉಳಿಯುವುದಿಲ್ಲ. ಅಂಗಡಿಯವರ ಸಲಹೆ, ಗೆಳೆಯರ ಹೊಗಳಿಕೆ ಎಲ್ಲ ಅವರವರ ಗಾಡಿ, ಅವರವರ ದಾರಿಯ ಮಾತು. ನಿಮ್ಮ ದಾರಿಯ ಲೆಕ್ಕ ನಿಮ್ಮ ಬಳಿ ಇದ್ದರೆ ಮುಂದಿನ ಸೆಟ್ ಆರಿಸಲು ಇನ್ನೊಬ್ಬರನ್ನು ಕೇಳುವ ಅಗತ್ಯ ಬೀಳದು.